ಹತ್ತಕ್ಕೆ ಎರಡು

ಹಿಂದೂಪುರದ ಕನ್ನಡ ಶಾಲೆಯೊಂದರ ಚರಿತ್ರೆಯಲ್ಲಿ ಆ ಸೋಮವಾರವನ್ನು ದಪ್ಪಕ್ಷರದಲ್ಲಿ ಬರೆದಿಡಬೇಕು. ಅಂದು ಇಂದ್ರಾಣಿ ಟೀಚರ ಕೆಂಪು ಪೆನ್ನು ಕಾಣೆಯಾಯಿತು. ಏಳನೇ ತರಗತಿಯ ಅಷ್ಟೂ ಚೀಲಗಳನ್ನು ನೆಲಕ್ಕೆ ಕೊಡವಿದ್ದಾಯಿತು. ಕಾಗದದ ರಾಕೆಟ್ಟು, ಅರ್ಧ ಕಚ್ಚಿದ ಕಡಲೆಮಿಠಾಯಿ ಸಿಕ್ಕವು. ಪೆನ್ನು ಸಿಗಲಿಲ್ಲ; ಅದು ಕಲ್ಯಾಣಿಯ ಮಡಚಿ ಕಟ್ಟಿದ ಜಡೆಯೊಳಗಿತ್ತು.

ಕಲ್ಯಾಣಿ ಕಳ್ಳಿಯಲ್ಲ. ಹೋದ ವರ್ಷ ಬೆಂಚಿನ ಗೆಳತಿ ಕೃಷ್ಣವೇಣಿ ಪಾಠ ಓದುವಾಗ ತಡವರಿಸಿದ್ದಕ್ಕೆ ಮೊದಲು ನಕ್ಕವಳು ಇವಳೇ. ಆಮೇಲೆ ತರಗತಿಯೆಲ್ಲ ನಕ್ಕಿತು. ಕೃಷ್ಣವೇಣಿ ಮಾತು ಬಿಟ್ಟಳು. ಬೇಸಿಗೆಯಲ್ಲಿ ಅವಳ ಮನೆಯವರು ಊರು ಬಿಟ್ಟು ಕಲ್ಯಾಣದುರ್ಗಕ್ಕೆ ಹೋದರು, ಬಿಟ್ಟ ಮಾತು ಬಿಟ್ಟಂತೆಯೇ ಉಳಿಯಿತು.

ಟೀಚರು ಆಗಷ್ಟೇ ಮಕ್ಕಳಿಗೆ ಪ್ರೀತಿ ಕಲಿಸುವ ತರಬೇತಿ ಮುಗಿಸಿ ಬಂದಿದ್ದರು. "ಕೃಷ್ಣವೇಣಿಗೆ ಪತ್ರ ಬರಿಯೇ, ಪ್ರೀತಿ ತಾನಾಗೇ ಬೆಳೀತದೆ" ಎಂದು ಕಲ್ಯಾಣಿಗೆ ಹೇಳಿದರು. ನಕ್ಕಿದ್ದು ತಪ್ಪು ಎಂದು ಕಲ್ಯಾಣಿ ಬರೆದಳು. ತಿಂಗಳ ಮೇಲೆ ಶಾಲೆಗೆ ಉತ್ತರ ಬಂತು: 'ನಿನ್ ಪತ್ರ ಬಂತು. ಓದಿದೆ. ಎಲ್ಲಾನೂ ನಾನೇ ಓದಿದೆ.' ಟೀಚರು ಅದನ್ನು ತರಗತಿಗೆ ಓದಿ ಹೇಳಿ, ಅಭ್ಯಾಸಬಲದಿಂದ ಕೆಳಗೆ 'ಹತ್ತಕ್ಕೆ ಎರಡು. ಪ್ರೀತಿ ಸಾಲದು' ಎಂದು ಕೆಂಪಗೆ ಗೀಚಿ, ಚೆನ್ನಾಗಿ ಮತ್ತೆ ಬರೆಯಲೆಂದು ವಾಪಸು ಅಂಚೆಗೆ ಹಾಕಿಸಿದರು. ಅಲ್ಲಿಗೆ ಕಲ್ಯಾಣದುರ್ಗದ ಬಾಯಿ ಮುಚ್ಚಿತು.

ಈಗ ಕಲ್ಯಾಣಿಯ ಎರಡನೇ ಪತ್ರ ಕೆಂಪು ಪೆನ್ನಿಗೆ ಕಾಯುತ್ತ ಟೀಚರ ಮೇಜಿನ ಮೇಲಿತ್ತು.

"ಪೆನ್ನು ಯಾರ್ರೇ ತಗಂಡಿದ್ದು?"

ಕಲ್ಯಾಣಿ ಎದ್ದಳು. "ನಾನು. ಕೊಡಲ್ಲ."

"ಸಿಗ್ಗು ಲೇದೇ ನೀಕು?" ಕೋಪ ನೆತ್ತಿಗೇರಿದರೆ ಟೀಚರ ಬಾಯಿಗೆ ತೆಲುಗೇ ಮೊದಲು ಬರುವುದು. "ನಾಚ್ಕೆ ಇಲ್ವೇನೇ? ಪ್ರೀತಿ ಕಲ್ಸಾಕೆ ಹೋದ್ರೆ ನನ್ ಪೆನ್ನೇ ಎತ್ಕೊಂಡ್ಬುಟ್ಟ್ಯಲ್ಲೇ!"

"ನೀವು ಮಾರ್ಕ್ಸ್ ಹಾಕಿದ್ಕೇ ಅವಳು ಬರೀತಿಲ್ಲ ಟೀಚರ್. ನಾನು ನಕ್ಕೆ, ನೀವು ಎರಡು ಹಾಕಿದ್ರಿ. ಇಬ್ರುದೂ ಒಂದೇ."

"ನಂಗೂ ನಿಂಗೂ ಒಂದೇನೇ?"

"ಹಂಗಾದ್ರೆ ನೀವೂ ಅವಳಿಗೊಂದು ಪತ್ರ ಬರೀರಿ. ಆಮೇಲೆ ಪೆನ್ ಕೊಡ್ತೀನಿ."

ಹಿಂದಿನ ಬೆಂಚಿನ ರವಿತೇಜ ಕಡಲೆಮಿಠಾಯಿ ಅಗಿಯುವುದನ್ನು ನಿಲ್ಲಿಸಿದ.

"ಬರೀತೀನಿ ಕಣಮ್ಮ, ನೋಡಿ ಕಲ್ತ್ಕೋ!" ಎಂದು ಟೀಚರು ನೀಲಿ ಪೆನ್ನಿನಲ್ಲಿ ಪುಟ ತುಂಬಿಸಿ ಮುಂದೆ ಹಿಡಿದರು. 'ಚಿರಂಜೀವಿ'ಯಿಂದ ಶುರುವಾಗಿ ಶಿಸ್ತು, ಶ್ರದ್ಧೆ, ಉಜ್ವಲ ಭವಿಷ್ಯ ಎಲ್ಲವೂ ಅದರಲ್ಲಿದ್ದವು. ಕಲ್ಯಾಣಿ ನಿಂತೇ ಓದಿದಳು, ಜಡೆಯಿಂದ ಪೆನ್ನು ಎಳೆದು ಕೆಳಗೆ ಬರೆದಳು: 'ಹತ್ತಕ್ಕೆ ಎರಡು. ತಪ್ಪಾಯ್ತು ಅಂತ ಎಲ್ಲೂ ಇಲ್ಲ.'

ಟೀಚರು ಹಾಳೆಯನ್ನೂ ಪೆನ್ನನ್ನೂ ಕಿತ್ತುಕೊಂಡರು. ಅವಳನ್ನು ಬಾಗಿಲಾಚೆ ನಿಲ್ಲಿಸಿದರು. ವಾರವೆಲ್ಲ ಅವಳ ಹಾಜರಿಯನ್ನು ಗೋಡೆ ನೋಡಿಕೊಂಡೇ ಕೂಗಿದರು. ಆದರೆ ಹಾಳೆಯನ್ನು ಹರಿಯಲಿಲ್ಲ. ಅಂಚಿನಲ್ಲಿ ಇರುಕಾಗಿ 'ತಪ್ಪಾಯ್ತು' ಎಂದು ಸೇರಿಸಿ, ತಮಗೆ ಬಿದ್ದ ಎರಡು ಅಂಕದ ಸಮೇತ, ಕಲ್ಯಾಣಿಯ ಪತ್ರದ ಜೊತೆ ಲಕೋಟೆಗೆ ತುರುಕಿದರು. ಕಲ್ಯಾಣಿಯ ಪತ್ರದ ಮೇಲೆ ಈ ಸಲ ಕೆಂಪು ಗೆರೆ ಬೀಳಲಿಲ್ಲ.

ಹದಿನೈದನೇ ದಿನ ಕೃಷ್ಣವೇಣಿಯ ಉತ್ತರ ಬಂತು, ಶಾಲೆಗಲ್ಲ, ಕಲ್ಯಾಣಿಯ ಮನೆಗೆ. ಒಂದು ಪುಟ, ಅದರಲ್ಲಿ ಅರ್ಧ ಬೈಗುಳ. ಟೀಚರಿಗೆ ಏನೂ ಬರೆದಿರಲಿಲ್ಲ.