ಕಣ್ಣೊಳಗಿನ ಬಿಳಿ ಛತ್ರಿ

ಇಂಡಿ ಊರಿನ ಬಸ್ ಸ್ಟ್ಯಾಂಡ್ ಎದುರು ಫೋಟೋ ಸ್ಟುಡಿಯೋ ಇಟ್ಟುಕೊಂಡ ಗುರುನಾಥ ಇಪ್ಪತ್ತೆರಡು ವರ್ಷದಿಂದ ಜನರ ಕಣ್ಣು ತೆರೆಸುತ್ತಾ ಬಂದಿದ್ದ. ದೊಡ್ಡ ಜ್ಞಾನಿ ಅಂತ ತಿಳಿಯಬೇಡಿ ಮತ್ತೆ! ಮದುವೆಯ ಗುಂಪು ಫೋಟೋದಲ್ಲಿ ಬೀಗತಿ ಕಣ್ಣು ಮಿಟುಕಿಸಿದ್ದರೆ, ಅವಳದೇ ಇನ್ನೊಂದು ಫೋಟೋದಿಂದ ಕಣ್ಣು ತಂದು ಕಂಪ್ಯೂಟರಿನಲ್ಲಿ ಕೂಡಿಸುತ್ತಿದ್ದ, ಅಷ್ಟೇ. ಕಣ್ಣು ಮುಚ್ಚಿದ ಫೋಟೋ ಕೊಟ್ಟು ನೋಡಿ, ಈ ಕಡೆಯ ಜನ ಸುಮ್ಮನಿದ್ದಾರೆಯೇ? "ಏನ್ರೀ, ಜೀವ ಇದ್ದಾಗನ ನಮ್ಮನ್ನ ಹೆಣಾ ಮಾಡೀರಿ?" ಎಂದು ಅಂಗಡಿಗೇ ಬಂದು ನಿಲ್ಲುತ್ತಾರೆ. ನಿಜವಾಗಿ ಸತ್ತವರಿಗೂ ಅವನು ಕಣ್ಣು ತೆರೆಸಿಯೇ ಚೌಕಟ್ಟು ಹಾಕಿಸುತ್ತಿದ್ದ.

ಕೈಗೆ ಹತ್ತಿದ ಆ ಚಟವೇ ಈಗ ಅವನನ್ನು ಸಿಕ್ಕಿಸಿತ್ತು.

ವಿಜಯಪುರದಲ್ಲೊಂದು ಡಿಜಿಟಲ್ ಫೋಟೋ ಪ್ರದರ್ಶನ. ಬಂದ ರಾಶಿ ಚಿತ್ರಗಳಲ್ಲಿ ನಲವತ್ತನ್ನು ಮೂವರು ತೀರ್ಪುಗಾರರು ಆರಿಸಿ ಗ್ಯಾಲರಿಯ ಗೋಡೆಗೂ ಆನ್‌ಲೈನಿಗೂ ಹಾಕುವವರಿದ್ದರು. ಗುರುನಾಥ ತನ್ನ ಅಕ್ಕ ಸುಂದರವ್ವನ ಫೋಟೋ ಕಳಿಸಿದ್ದ. ಝಳಕಿಯಲ್ಲಿ ಲಿಂಬೆಕಾಯಿ ಆರಿಸುವ ಕೆಲಸ ಅವಳದು. ಒಂದು ಮಧ್ಯಾಹ್ನ ಅವನು ಬುತ್ತಿ ಕೊಡಲು ಹೋದಾಗ ಅಕ್ಕ ರಾಶಿಗೆ ಒರಗಿ, ಮುಷ್ಟಿಯಲ್ಲೊಂದು ಕಾಯಿ ಹಿಡಿದು, ಹಾಗೇ ನಿದ್ದೆಹೋಗಿದ್ದಳು. ನೆರಳಿಗೆ ಕಟ್ಟಿದ ತಾಡಪತ್ರಿಯ ತೂತಿನಿಂದ ಇಳಿದ ಬಿಸಿಲು ಕಾಯಿಗಳಿಗೆ ತಾಗಿ ಅವಳ ಕೆನ್ನೆ, ಸೆರಗು, ಸುತ್ತಲಿನ ಧೂಳು ಎಲ್ಲಾ ಹಳದಿಯಾಗಿತ್ತು. ಕಾಲ ಅಲ್ಲೇ ಕೂತು ತೂಕಡಿಸುತ್ತಿದೆಯೇನೋ ಅನಿಸಿತು ಅವನಿಗೆ. ಕ್ಲಿಕ್ ಎಂದ ಸಪ್ಪಳಕ್ಕೆ ಅಕ್ಕ ಎದ್ದವಳೇ, "ಕಣ್ಣ ಮುಚ್ಚಿದ್ದು ಯಾರಿಗೂ ತೋರಿಸಬ್ಯಾಡ. ನನ್ನ ಆಣಿ ಐತಿ," ಅಂದಿದ್ದಳು.

ಆಣೆ ಮುರಿಯಲಿಲ್ಲ ಪುಣ್ಯಾತ್ಮ. ರೇಷನ್ ಕಾರ್ಡಿಗೆಂದು ಸ್ಟುಡಿಯೋದಲ್ಲಿ ತೆಗೆದಿದ್ದ ಅವಳ ಫೋಟೋದಿಂದ ಕಣ್ಣು ತಂದು ಕೂಡಿಸಿ ಕಳಿಸಿದ.

ತೀರ್ಪುಗಾರರಲ್ಲೊಬ್ಬ ಹೆಣ್ಣುಮಗಳು ಫೋನ್ ಮಾಡಿದಳು. "ಚಿತ್ರ ಮೂವರಿಗೂ ಹಿಡಿಸಿದೆ. ಆದರೆ ಒಂದು ಮಾತು ಹೇಳಿ. ಲಿಂಬೆ ರಾಶಿಯ ಹತ್ತಿರ ಕೂತವರ ಕಣ್ಣೊಳಗೆ ಬಿಳಿ ಛತ್ರಿ ಯಾಕೆ ಕಾಣ್ತಿದೆ?"

ಗುರುನಾಥ ಫೋನು ಹಿಡಿದುಕೊಂಡೇ ಕಂಪ್ಯೂಟರಿನಲ್ಲಿ ಅಕ್ಕನ ಕಣ್ಣು ದೊಡ್ಡದು ಮಾಡಿ ನೋಡಿದ. ಸ್ಟುಡಿಯೋದಲ್ಲಿ ಬೆಳಕಿಗೆ ಹಿಡಿಯುವ ಛತ್ರಿ ಎದುರು ಕೂತವರ ಕಣ್ಣೊಳಗೆ ಸಣ್ಣ ಬಿಳಿ ಚುಕ್ಕೆಯಾಗಿ ಮೂಡುತ್ತದೆ. ಅಷ್ಟು ವರ್ಷ ಅದನ್ನು ಒಬ್ಬರೂ ಕಂಡುಹಿಡಿದಿರಲಿಲ್ಲ.

"ನಾಳೆ ಸಂಜೆಯೊಳಗೆ ಕ್ಯಾಮೆರಾದ ಮೂಲ ಫೈಲು, ಅವರ ಒಪ್ಪಿಗೆಯ ಸಹಿ, ಎರಡೂ ಕಳಿಸಿ. ಇಲ್ಲದಿದ್ದರೆ ಬೇರೆ ಚಿತ್ರ ಹಾಕ್ತೀವಿ," ಅಂದಳು ಆಕೆ.

ಮರುದಿನ ಬೆಳಿಗ್ಗೆಯೇ ಗಾಡಿ ಹತ್ತಿ ಝಳಕಿಗೆ ಹೋದ. ಅಕ್ಕನ ಪಡಸಾಲೆಯಲ್ಲಿ ಭಾವ ಧರೆಪ್ಪನ ಫೋಟೋ. ಹದಿನಾರು ವರ್ಷದ ಹಿಂದೆ ಎರಡು ದಿನದ ಜ್ವರಕ್ಕೆ ಹೋದ ಮನುಷ್ಯ. ಬದುಕಿದ್ದಾಗ ಕ್ಯಾಮೆರಾ ಕಂಡರೆ ಓಡುತ್ತಿದ್ದ. ಇದ್ದೊಂದು ಮತದಾರರ ಚೀಟಿಯಲ್ಲಿ ಮುಖ ಮಸಿ ಬಳಿದಂತಿತ್ತು. ಮಣ್ಣಿಗೆ ಒಯ್ಯುವ ಮೊದಲು ಹೆಣ ಕೂರಿಸಿದ್ದಾಗ ತೆಗೆದ ಫೋಟೋಕ್ಕೆ ಕಣ್ಣು ಎಲ್ಲಿಂದ ತರುವುದು? ಗುರುನಾಥ ತನ್ನವೇ ಕಣ್ಣು ಕೂಡಿಸಿದ್ದ. ಯಾರಿಗೂ ಹೇಳಿರಲಿಲ್ಲ.

ಛತ್ರಿಯ ಸಂಗತಿ ಹೇಳಿ, ತಲೆ ತಗ್ಗಿಸಿ ಕೂತ. "ಬ್ಯಾಡ ಅಂದ್ರ ಬಿಡ್ತೇನಿ ಅಕ್ಕಾ. ನಿನ್ನ ಆಣಿ ಮುರಿಯೂದಿಲ್ಲ. ಆದ್ರ ನನ್ನ ಜೀವಮಾನದಾಗ ನಾ ತಗದ ಖರೇ ಫೋಟೋ ಅದೊಂದ."

ಸುಂದರವ್ವ ಗೋಡೆಯ ಕಡೆ ನೋಡಿದಳು. "ಅವರ ಕಣ್ಣಾಗೂ ಛತ್ರಿ ಐತಿ. ನಿನ್ನ ಸ್ಟುಡಿಯೋದ ಮೆಟ್ಟಲಾ ತುಳಿದಾವರಲ್ಲ ಅವರು."

ಗುರುನಾಥ ತಟ್ಟನೆ ತಲೆ ಎತ್ತಿದ. "ನಿನಗ ಗೊತ್ತಿತ್ತೇನು?"

"ಎತ್ತಿ ಆಡಿಸಿದ ತಮ್ಮನ ಕಣ್ಣು ಗುರುತು ಸಿಗೂದಿಲ್ಲೇನೋ, ಹುಚ್ಚಪ್ಪ? ಗಂಡನ ಮುಂದ ಕುಂತು ನಾಕು ಮಾತು ಜಗಳಾಡೂಣು ಅಂದ್ರ ತಮ್ಮ ಪಿಳಿಪಿಳಿ ನೋಡ್ತಾನ. ಹದಿನಾರು ವರ್ಷ ಬಾಯಿ ಮುಚ್ಚಿ ಕುಂತೀನಿ!" ಎಂದು ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಳು.

"ಮತ್ಯಾಕ ಹೇಳಲಿಲ್ಲ?"

"ನೀ ಅಳಕೋತ ಮಾಡಿದ್ದಿ. ಹೆಂಗ ಹೇಳ್ಲಿ?" ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವತ್ತ ರಾಶಿ ಮಗ್ಗಲ ಕಣ್ಣ ಹತ್ತಿತ್ತು ನೋಡು, ಆಗ ಇವರು ಬಂದಿದ್ರು. ಲಿಂಬಿಕಾಯಿ ಮ್ಯಾಲ ನಡಕೋತ. ಒಂದೂ ಉರುಳಲಿಲ್ಲ. ಅವರ ಕಣ್ಣ ಅವರಿಗೆ ಇದ್ದುವು. ಕೈಯಾಗ ಒಂದು ಕಾಯಿ ಇಟ್ರು. ಎಚ್ಚರಾದಾಗ ಕಾಯಿ ಕೈಯಾಗನ ಇತ್ತು."

ಆರಿಸುವವಳ ಕೈಯಲ್ಲಿ ಕಾಯಿ ಇರದೆ ಇನ್ನೇನಿರುತ್ತದೆ ಅನ್ನಬಹುದು. ಗುರುನಾಥ ಅನ್ನಲಿಲ್ಲ. ಅಂದಿದ್ದರೆ ಅವನಂಥ ಪಾಪಿ ಇನ್ನೊಬ್ಬನಿರುತ್ತಿರಲಿಲ್ಲ.

"ಕಣ್ಣ ತೆರೆದ್ರ ಅವರು ಹೋಗಿಬಿಡ್ತಾರ. ಮುಚ್ಚಿದ್ದು ಇದ್ದಂಗ ಕಳಿಸು," ಎಂದು ಸುಂದರವ್ವ ಸಹಿ ಮಾಡಿದಳು. ಆದರೂ ಅಂಜಿಕೆ ಬಿಡಲಿಲ್ಲ. "ಮಂದಿ ನನ್ನ ಹೆಣಾ ಅಂದ್ರ?"

ಪ್ರದರ್ಶನದ ದಿನ ಇಬ್ಬರೂ ಹೋದರು. ಬಿಳಿ ಗೋಡೆಯ ಮೇಲೆ ಹಳದಿ ಬೆಳಕಿನ ಅಕ್ಕ ಆಳೆತ್ತರಕ್ಕೆ ಒರಗಿ ಮಲಗಿದ್ದಳು. ಲಿಂಬೆಯ ವಾಸನೆ ಬಂದಂತಾಗಿ ಗುರುನಾಥ ಸುತ್ತಲೂ ನೋಡಿದ. ಅಷ್ಟರಲ್ಲಿ ದೊಡ್ಡ ದನಿಯಲ್ಲಿ ಹರಟುತ್ತಾ ಬಂದ ಗುಂಪು ಆ ಚಿತ್ರದೆದುರು ಬಂದದ್ದೇ ತಣ್ಣಗಾಯಿತು. ಅವರಲ್ಲೊಬ್ಬ ಮುದುಕಿ ಬಾಯಿಗೆ ಬೆರಳಿಟ್ಟು, "ಮೆಲ್ಲಕ ಮಾತಾಡ್ರಿ. ದಣದು ಮಲಗ್ಯಾಳ," ಅಂದಳು.

ಸುಂದರವ್ವ ತಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಮರುದಿನ ಭಾವನ ಚೌಕಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ಸ್ಟುಡಿಯೋಗೇ ಬಂದಳು. ಹಳೇ ಸಿ.ಡಿ.ಯೊಂದನ್ನು ಹುಡುಕಿ ಗುರುನಾಥ ಫೈಲು ತೆರೆದ. ತನ್ನ ಎರಡೂ ಕಣ್ಣುಗಳನ್ನು ತಾನೇ ಅಳಿಸಿದ. ಅವುಗಳ ಅಡಿಯಲ್ಲಿ ಧರೆಪ್ಪ ರೆಪ್ಪೆ ಮುಚ್ಚಿಕೊಂಡು ಹಾಗೇ ಇದ್ದ.

ಸುಂದರವ್ವ ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು. ಪರದೆಯ ಮೇಲಿನ ಗಂಡನ ಹಣೆ ಸವರಿದಳು.

"ಇನ್ನ ಆರಾಮ ಮಲಕೋರಿ," ಅಂದಳು.