ವರ್ಲಿನ್ ಕಿವಿಯಲ್ಲಿ ಓದಿದ ಕಾದಂಬರಿ

ನಮ್ಮೂರಲ್ಲಿ ಯಾರೂ ಯಾರನ್ನೂ ಎದುರಿಗೆ ಬೈಯುವುದಿಲ್ಲ. ಉತ್ತರ ಡಕೋಟಾದ ಚಳಿಗೆ ಬೈಗುಳ ಬಾಯಲ್ಲೇ ಹೆಪ್ಪುಗಟ್ಟುತ್ತದೆ ಎಂದು ನನ್ನ ಗಂಡ ವರ್ಲಿನ್ ಹೇಳುತ್ತಾನೆ. ಅಡುಗೆ ಸೀದಿದ್ದರೆ, ಮದುವೆ ಹೆಣ್ಣಿನ ಉಡುಪು ಕಣ್ಣಿಗೆ ಹೊಡೆದರೆ, ಪಾದ್ರಿಗಳ ಪ್ರವಚನ ಊರೆಲ್ಲ ಸುತ್ತಿ ಬಂದರೆ ನಾವು ಹೇಳುವುದು ಒಂದೇ ಮಾತು: "ಬೇರೆ ಥರ ಇದೆ." ಕೇಳಿದವರಿಗೆ ಅರ್ಥವಾಗುತ್ತದೆ. ಕೆಲವರು ಅತ್ತದ್ದೂ ಉಂಟು.

ನಮ್ಮ ಓದುಗರ ಕೂಟವೂ ಈ ಮರ್ಯಾದೆಯ ಮೇಲೇ ಇಷ್ಟು ವರ್ಷ ನಿಂತಿದೆ. ತಿಂಗಳಿಗೊಂದು ಗುರುವಾರ ಮಧ್ಯಾಹ್ನ ಆರ್ಡಿಸ್ ಟೀಚರ್ ಮನೆಯಲ್ಲಿ ಸೇರುತ್ತೇವೆ. ಎಂಬತ್ತು ದಾಟಿದ ಟೀಚರ್ ಊರಿನ ಅರ್ಧ ಜನಕ್ಕೆ ಐದನೇ ತರಗತಿಯಲ್ಲಿ ಓದು ಕಲಿಸಿದವರು, ಇನ್ನೂ ಕಲಿಸುತ್ತಲೇ ಇದ್ದೇನೆಂದು ನಂಬಿದವರು. ಕೂಟಕ್ಕೆ ಅವರು ಮಾಡಿದ ಕಟ್ಟಳೆ ಒಂದೇ: ಆ ತಿಂಗಳ ಪುಸ್ತಕ ಮುಗಿಸದೆ ಬಂದವರು ಕೊನೆಗೆ ಎಲ್ಲರ ತಟ್ಟೆ, ಕಪ್ಪು ತೊಳೆಯಬೇಕು. ಅವರ ಪಿಂಗಾಣಿಗೆ ಬಂಗಾರದ ಅಂಚಿದೆ, ಮೆಶೀನಿಗೆ ಹಾಕುವ ಹಾಗಿಲ್ಲ. ಹಾಗಾಗಿ ನಾವೆಲ್ಲ ತಪ್ಪದೆ ಪುಸ್ತಕ ಮುಗಿಸುತ್ತೇವೆ. ಅಂದರೆ, ಮುಗಿಸಿದೆವು ಎನ್ನುತ್ತೇವೆ. ತೊಳೆಯುವುದು ಕೊನೆಗೆ ಟೀಚರೇ.

ಓದುವ ರೀತಿ ಒಬ್ಬೊಬ್ಬರದು ಒಂದೊಂದು. ನಾನು ಕೊನೆಯ ಪುಟವನ್ನು ಮೊದಲು ಓದುತ್ತೇನೆ. ಯಾರು ಉಳಿಯುತ್ತಾರೆಂದು ತಿಳಿಯದೆ ಮುನ್ನೂರು ಪುಟ ಅವರ ಹಿಂದೆ ಅಲೆಯುವ ತಾಳ್ಮೆ ನನಗಿಲ್ಲ. ಡೋರೀನ್ ಒಲೆಯ ಮುಂದೆ ನಿಂತು ಓದುತ್ತಾಳೆ. ಅವಳು ಹಿಂದಿರುಗಿಸಿದ ಪುಸ್ತಕ ಮೂಸಿದರೆ ಯಾವ ಅಧ್ಯಾಯದಲ್ಲಿ ಯಾವ ಸೂಪು ಕುದಿಯುತ್ತಿತ್ತೆಂದು ಹೇಳಬಹುದು. ಬ್ಯಾಂಕಿನ ಮಾರ್ಸಿ ನಾಯಿಯ ಹಿಂದೆ ಓಡುತ್ತ, ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು, ಎರಡು ಪಟ್ಟು ವೇಗದಲ್ಲಿ ಪುಸ್ತಕ ಕೇಳುತ್ತಾಳೆ. ಆದರೆ ಕೂಟಕ್ಕೆ ಬರುವಾಗ ಅಚ್ಚಾದ ಪ್ರತಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಬರುತ್ತಾಳೆ. ಯಾಕೆಂದರೆ ಟೀಚರ್ ಪ್ರಕಾರ ಕಿವಿಯಿಂದ ಓದುವುದು ಓದೇ ಅಲ್ಲ.

ನನ್ನ ವರ್ಲಿನ್ ಓದುವುದು ಕಿವಿಯಿಂದಲೇ. ಹೊಲಗಳಿಂದ ಊರಿನ ಕಣಜಕ್ಕೆ ಗೋಧಿ ಸಾಗಿಸುವುದು ಅವನ ಕೆಲಸ. ದಿನವಿಡೀ ಅವನ ಟ್ರಕ್ಕಿನಲ್ಲಿ ಗ್ರಂಥಾಲಯದಿಂದ ತಂದ ಸೀಡಿ ಓಡುತ್ತಿರುತ್ತದೆ, ಒಂದು ಸೀಡಿಗೆ ಒಂದು ಪುಸ್ತಕ. ಅಚ್ಚಕ್ಷರ ಕಂಡರೆ ಅವನಿಗೆ ಚಿಕ್ಕಂದಿನಿಂದ ತಲೆ ತಿರುಗುತ್ತದೆ. ಐದನೇ ತರಗತಿಯ ಓದಿನಲ್ಲಿ ಅವನನ್ನು ಫೇಲ್ ಮಾಡಿದ್ದು ಇದೇ ಆರ್ಡಿಸ್ ಟೀಚರ್. ಈಗ ಅರವತ್ತೇಳನೇ ವಯಸ್ಸಿನಲ್ಲಿ ಅವನಿಗೆ ಅವರ ಕೂಟಕ್ಕೇ ಸೇರುವ ಹಟ.

"ನೀವೆಲ್ಲ ಓದಿರೋದಕ್ಕಿಂತ ಜಾಸ್ತಿ ನಾನು ಕೇಳಿದೀನಿ ಕಣೇ. ಮಾತಾಡೋಕೆ ಯಾರಿದಾರೆ ನಂಗೆ? ಕಣಜದ ಹುಡುಗ್ರಿಗೆ ಕಾದಂಬರಿ ಹೇಳಿದ್ರೆ ತೂಕ ಮಾಡೋದೇ ಮರೀತಾರೆ," ಎನ್ನುತ್ತಿದ್ದ.

ನಾನು ಅದೂ ಇದೂ ಹೇಳಿ ಮುಂದೂಡುತ್ತ ಬಂದೆ. ನನಗೆ ನಾಚಿಕೆ ಎಂದು ಅವನು ತಿಳಿದಿದ್ದ. ನಾಚಿಕೆಯಾಗಿದ್ದರೆ ಎಷ್ಟೋ ವಾಸಿಯಿತ್ತು. ನನಗಿದ್ದದ್ದು ಭಯ.

ಕ್ರಿಸ್‌ಮಸ್ ಕಳೆದ ಮೇಲೆ ಅವನು ಹೇಳುವ ಕತೆಗಳು ಕೆಡತೊಡಗಿದ್ದವು. ಮೊದಲೆಲ್ಲ ಊಟಕ್ಕೆ ಕುಳಿತರೆ ಆ ದಿನ ಕೇಳಿದ್ದನ್ನು ಚಂದವಾಗಿ ಹೇಳುತ್ತಿದ್ದ. ಜನವರಿಯಲ್ಲಿ ಒಂದು ದಿನ ಹೇಳಿದ: "ಯುದ್ಧದಲ್ಲಿ ಕಾಲು ಕಳ್ಕೊಂಡು ಬಂದನಲ್ಲ ಆ ಸಿಪಾಯಿ, ಇವತ್ತು ಹುಟ್ಟಿದ."

"ಯಾರು, ಅವನ ಮಗನಾ?"

"ಅಲ್ಲ, ಅವನೇ. ಎರಡೂ ಕಾಲಿದೆ. ಆಲೂಗಡ್ಡೆ ಈ ಕಡೆ ಕೊಡು."

ಇನ್ನೊಂದು ದಿನದ ಕತೆಯಲ್ಲಿ ವಿಚ್ಛೇದನ ಪಡೆದ ಜೋಡಿಯೊಂದು ಮೊದಲ ಸಲ ಭೇಟಿಯಾಗಿ ನಾಚಿಕೊಂಡಿತು. ನಾನು ಬೇರೆ ಕೋಣೆಗೆ ಹೋಗಿ ಅತ್ತೆ. ಅವನ ಅಪ್ಪನಿಗೂ ಹೀಗೇ ಶುರುವಾಗಿದ್ದು. ಮೊದಲು ಮಾತು ಹಿಂದುಮುಂದಾಯಿತು, ಆಮೇಲೆ ಬೂಟು ಓವನ್ನಿಗೆ ಹೋಯಿತು, ಕೊನೆಗೆ ಸ್ವಂತ ಮಗನನ್ನೇ ಅಂಚೆಯವನೆಂದು ಬಾಗಿಲಲ್ಲೇ ನಿಲ್ಲಿಸಿ ಕಾಗದ ಕೇಳುತ್ತಿದ್ದರು. ನಾನು ಗುಟ್ಟಾಗಿ ಫಾರ್ಗೋ ಪಟ್ಟಣದ ಆಸ್ಪತ್ರೆಗೆ ಫೋನು ಮಾಡಿ, ನೆನಪಿನ ಪರೀಕ್ಷೆಗೆ ಸೋಮವಾರದ ಸಮಯ ಗೊತ್ತು ಮಾಡಿದೆ. ಅವನಿಗೆ ಕಿವಿ ತೋರಿಸುವುದಕ್ಕೆ ಎಂದೆ. "ಆಗ್ಲಿ ಮಾರಾಯ್ತಿ, ಕಿವಿ ಹೋದ್ರೆ ನಾನು ಅನಕ್ಷರಸ್ಥನೇ," ಎಂದು ಕೂಡಲೇ ಒಪ್ಪಿದ.

ಅದಕ್ಕೆ ಮುಂಚಿನ ಗುರುವಾರವೇ ಕೂಟ. ಅವನು ನನಗೆ ತಿಳಿಸದೆ ತಾನೇ ಟೀಚರ್‌ಗೆ ಫೋನು ಮಾಡಿಬಿಟ್ಟಿದ್ದ. ಟೀಚರ್ ಹೇಳಿದ್ದು: ಬಾ, ಈ ತಿಂಗಳ ಪುಸ್ತಕದ ಮೇಲೆ ಮಾತಾಡು, ಆಮೇಲೆ ತೀರ್ಮಾನ. ವರ್ಲಿನ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಟ್ರಕ್ಕಿನಲ್ಲಿ ಕಣಜದಿಂದ ನೇರವಾಗಿ ಬಂದ. ನಾನು ಡೋರೀನ್ ಕಾರಿನಲ್ಲಿ ಬಂದು ಆಗಲೇ ಕುಳಿತಿದ್ದೆ. ಮುಂದಾಗುವುದು ನನಗೆ ಕಾಣುತ್ತಿತ್ತು: ಇವರೆಲ್ಲರ ಮುಂದೆ ಅವನ ಬುದ್ಧಿ ಜಾರಿದ್ದು ಬಯಲಾಗುತ್ತದೆ, ಯಾರೋ ಒಬ್ಬರು "ಬೇರೆ ಥರ ಇದೆ" ಎನ್ನುತ್ತಾರೆ, ಅವನ ಮುಖ ಬಾಡುತ್ತದೆ.

ಕಾಫಿಯ ಜೊತೆಗೆ ಸುತ್ತು ನಡೆಯಿತು. ಯಾರು ಈಗ ಏನು ಓದುತ್ತಿದ್ದಾರೆಂದು ಹೇಳುವುದು ವಾಡಿಕೆ. ಡೋರೀನ್ ಜೇನು ಸಾಕಣೆಯ ಬಗ್ಗೆ ಓದುತ್ತಿದ್ದಳು, ಮಾರ್ಸಿ ಮೂರು ಪುಸ್ತಕಗಳನ್ನು ಒಟ್ಟಿಗೇ "ಓದುತ್ತಿದ್ದಳು", ಟೀಚರ್ ಯಾವುದೋ ರಾಣಿಯ ಜೀವನಚರಿತ್ರೆಯಲ್ಲಿ ಇನ್ನೂ ಅವಳ ಅಜ್ಜಿಯ ಬಾಲ್ಯದಲ್ಲೇ ಇದ್ದರು.

"ಸರಿ. ಎಲ್ಲರೂ ಈ ತಿಂಗಳ ಪುಸ್ತಕ ಮುಗಿಸಿದೀರಾ?" ಎಂದು ಟೀಚರ್ ಕೇಳಿದರು.

ಎಲ್ಲರೂ ಮುಗಿಸಿದ್ದರು. ಅದೊಂದು ಕೊಲೆಯ ಕಾದಂಬರಿ. ಸರೋವರದ ದಂಡೆಯಲ್ಲಿ ಚಿಕ್ಕ ಹೋಟೆಲು ನಡೆಸುವ ಗಂಡ ಹೆಂಡತಿ, ಗಂಡನ ಕೊಲೆಯಾಗುತ್ತದೆ, ಕೊಂದವಳು ಅಡುಗೆಯವಳು. ನಾನು ನಿಜವಾಗಿಯೂ ಓದಿದ್ದೆ, ನನ್ನ ಪದ್ಧತಿಯಂತೆ ಕೊನೆಯ ಪುಟದಿಂದ ಶುರು ಮಾಡಿ.

ವರ್ಲಿನ್ ಎದ್ದು ನಿಂತ. ಐದನೇ ತರಗತಿಯಲ್ಲೂ ಹೀಗೇ ನಿಂತಿರಬೇಕು.

"ಟೀಚರ್, ನಂಗೆ ತುಂಬ ಹಿಡಿಸಿದ್ದು ಏನಂದ್ರೆ, ಆ ಅಡುಗೆಯವಳು ಶುರುವಲ್ಲೇ 'ನಾನೇ ಕೊಂದೆ' ಅಂತ ಒಪ್ಕೊಂಡುಬಿಡ್ತಾಳೆ. ಮುಚ್ಚುಮರೆ ಇಲ್ಲ. ಆಮೇಲೆ ಆ ಗಂಡ ಹೆಂಡ್ತಿ ಏನ್ ಮಾಡ್ತಾರೆ? ಅವಳನ್ನೇ ಕೆಲಸಕ್ಕೆ ಇಟ್ಕೋತಾರೆ! ಸಂಬಳ ಮಾತಾಡಿ, ಕೋಣೆ ಕೊಟ್ಟು! ಇಂಥ ದೊಡ್ಡ ಮನಸ್ಸು ಎಲ್ಲಿ ನೋಡಿದೀರಿ ನೀವು?"

ನಾನು ಕಣ್ಣು ಮುಚ್ಚಿಕೊಂಡೆ. ದೇವರೇ, ಶುರುವಾಯಿತು.

ಆರ್ಡಿಸ್ ಟೀಚರ್ ಗಂಟಲು ಸರಿಮಾಡಿಕೊಂಡರು. "ನಿಜ ವರ್ಲಿನ್. ಅದು ಕ್ಷಮೆಯ ವಿಷಯ. ಇಡೀ ಪುಸ್ತಕ ನಿಂತಿರೋದೇ ಅದರ ಮೇಲೆ."

ನಾನು ಕಣ್ಣು ಬಿಟ್ಟೆ.

"ನಂಗಂತೂ ಅಲ್ಲಿ ಅಳುನೇ ಬಂತು," ಎಂದಳು ಡೋರೀನ್. "ಸೂಪ್ ಉಕ್ಕಿ ಹೋಯ್ತು."

"ಮತ್ತೆ ಆ ಪತ್ತೇದಾರ!" ವರ್ಲಿನ್‌ಗೆ ಹುರುಪು ಬಂತು. "ಎಲ್ಲಾನೂ ಕಂಡುಹಿಡಿದು ಮುಗಿಸ್ತಾನೆ. ಆಮೇಲೆ ಬಸ್ಸಿಂದ ಇಳಿದು 'ಇಲ್ಲಿ ಯಾರು ಸತ್ತಿದ್ದು?' ಅಂತ ಕೇಳ್ತಾನೆ. ಪಾಪ, ಅಷ್ಟು ಬುದ್ಧಿವಂತನಿಗೂ ವಯಸ್ಸಾದ ಮೇಲೆ ಹೀಗಾಗುತ್ತಲ್ಲ ಅಂತ ನಂಗೆ ತುಂಬ ಸಂಕಟ ಆಯ್ತು. ನಮ್ಮಪ್ಪ ನೆನಪಾದ್ರು."

"ಅದು ಬಹಳ ಸೂಕ್ಷ್ಮವಾಗಿ ಬಂದಿದೆ," ಎಂದಳು ಮಾರ್ಸಿ, ಕಂಕುಳಲ್ಲಿದ್ದ ಪುಸ್ತಕವನ್ನು ಇನ್ನಷ್ಟು ಒತ್ತಿಕೊಳ್ಳುತ್ತ. ಎರಡು ಪಟ್ಟು ವೇಗದಲ್ಲಿ ಯಾರು ಸತ್ತರು ಯಾರು ಬಸ್ಸಿಳಿದರು ಅವಳಿಗೇನು ಗೊತ್ತು!

"ಎಲ್ಲಕ್ಕಿಂತ ಹೆಚ್ಚು," ವರ್ಲಿನ್ ದನಿ ತಗ್ಗಿಸಿದ, "ಆ ಹೋಟೆಲಿನವನ ಮಣ್ಣಾಯ್ತು, ಎಲ್ಲರೂ ಅತ್ರು. ಅದಾದ ಮೇಲೆ ಅವನು ಮಗಳ ಮದುವೆಗೆ ಬಂದು ಕುಣೀತಾನೆ. ಸತ್ತವನು! ನಾನು ಗೋಧಿ ತುಂಬಿದ ಟ್ರಕ್ಕನ್ನ ರಸ್ತೆ ಬದಿಗೆ ನಿಲ್ಲಿಸಿದೆ ಟೀಚರ್. ಸೀಡೀಲಿ ಓದಿ ಹೇಳೋವಳು 'ಅಧ್ಯಾಯ ಮೂರು' ಅಂದಳು, ಪಿಟೀಲು ಶುರುವಾಯ್ತು, ಅವನು ಕುಣಿದ."

ಅಧ್ಯಾಯ ಮೂರು. ನನ್ನ ಕೈಯಲ್ಲಿದ್ದ ನಿಂಬೆಹಣ್ಣಿನ ಸಿಹಿ ತಟ್ಟೆಗೆ ಬಿತ್ತು.

"ವರ್ಲಿನ್, ಅದಕ್ಕಿಂತ ಮುಂಚೆ ಅವಳು ಯಾವ ಅಧ್ಯಾಯ ಅಂದಳು?" ಎಂದೆ.

"ಆರು. ಅವನ ಮಣ್ಣು. ಅದಕ್ಕೆ ಮುಂಚೆ ಐದು, ಪತ್ತೇದಾರ ಬಸ್ಸಿಳಿದಿದ್ದು. ಅದಕ್ಕೆ ಮುಂಚೆ ಇಪ್ಪತ್ತೆಂಟು, ಎರಡು. ಮೊಟ್ಟಮೊದಲು ಮೂವತ್ತೊಂದು." ಅವನು ಒಂದು ಕ್ಷಣವೂ ತಡವರಿಸಲಿಲ್ಲ. "ಮೊದಮೊದಲು ನಂಗೂ ತಲೆ ಕೆಟ್ಟಿತ್ತು. ಆದ್ರೆ ಈ ಚಳಿಗಾಲ ಕೇಳಿದ ಪುಸ್ತಕಗಳೆಲ್ಲ ಹೀಗೇ. ಈಗಿನೋರು ಬರೆಯೋದೇ ಹೀಗೆ ಅಂತ ಕಾಣುತ್ತೆ. ನಾನು ಓದಿನಲ್ಲಿ ದಡ್ಡ, ಅರ್ಥ ಆಗೋಕೆ ಸ್ವಲ್ಪ ತಡ ಆಯ್ತು ಅಷ್ಟೆ."

ನಾನು ನಕ್ಕೆ. ತಡೆಯಲಾಗದೆ, ಕಾಫಿ ಮೂಗಿಗೇರುವಷ್ಟು ನಕ್ಕೆ. ಕೆಟ್ಟಿದ್ದು ಅವನ ತಲೆಯಲ್ಲ! ಅವನ ತಲೆ ಉಕ್ಕಿನ ಪೆಟ್ಟಿಗೆಯ ಹಾಗಿದೆ, ಮೂವತ್ತಕ್ಕೂ ಹೆಚ್ಚು ಅಧ್ಯಾಯಗಳನ್ನು ಬಂದ ಸಾಲಿನಲ್ಲೇ ಜೋಡಿಸಿಟ್ಟುಕೊಂಡಿದೆ. ಕಲಸಿಹೋಗಿದ್ದು ಆ ಹಾಳು ಟ್ರಕ್ಕಿನ ಸೀಡಿ ಮಾತ್ರ. ಸಿಪಾಯಿ ಹುಟ್ಟಿದ್ದು, ವಿಚ್ಛೇದನದವರು ನಾಚಿಕೊಂಡಿದ್ದು, ನಾನು ಬೇರೆ ಕೋಣೆಯಲ್ಲಿ ಅತ್ತಿದ್ದು, ಎಲ್ಲಾ ಆ ಸೀಡಿಯ ಕಿತಾಪತಿ!

"ಲವೋನ್," ಎಂದರು ಟೀಚರ್ ಗಡುಸಾಗಿ. "ಒಬ್ಬ ಮನುಷ್ಯನ ಮಣ್ಣಾಗ್ತಿದೆ, ನೀನು ನಗ್ತಿದೀಯ."

"ಇಲ್ಲ ಟೀಚರ್. ಅಧ್ಯಾಯ ಮೂವತ್ತೊಂದು ಮೊದಲು ಬರೋದು ನನಗೆ ಹೊಸದಾಗಿತ್ತು."

ಟೀಚರ್ ನನ್ನನ್ನು ನೋಡಿದರು. ಆ ಕಣ್ಣಲ್ಲಿ ಏನೋ ಹೊಳೆಯಿತು, ತಕ್ಷಣ ಮುಚ್ಚಿಕೊಂಡಿತು. ಡೋರೀನ್ ಕಿಟಕಿಯಾಚೆ ಹಿಮ ನೋಡತೊಡಗಿದಳು. ಮಾರ್ಸಿ ಪುಸ್ತಕವನ್ನು ಮೆಲ್ಲಗೆ ತೊಡೆಯ ಕೆಳಗೆ ಸೇರಿಸಿಕೊಂಡಳು. ಮೂವರಿಗೂ ಅರ್ಥವಾಗಿತ್ತು, ಮೂವರೂ ಬಾಯಿ ಬಿಡುವ ಹಾಗಿರಲಿಲ್ಲ.

"ನನ್ನ ಪ್ರತೀಲೂ ಹಾಗೇ ಇದೆ," ಎಂದರು ಟೀಚರ್.

"ನನ್ನದರಲ್ಲೂ," ಎಂದಳು ಡೋರೀನ್.

"ಹಾಗಿದ್ರೆ ಕಿವಿಯಿಂದ ಓದಿದ್ದೂ ಓದೇ ಅಂತ ತೀರ್ಮಾನ ಮಾಡೋಣ," ಎಂದು ಟೀಚರ್ ಬಿರಬಿರನೆ ಮುಂದುವರಿಸಿದರು. "ವರ್ಲಿನ್, ನೀನು ಗಮನ ಇಟ್ಟು ಓದಿದೀಯ. ಪಾಸು."

ಅವನ ಕಿವಿ ಎರಡೂ ಕೆಂಪಾದವು. ಐವತ್ತು ವರ್ಷಕ್ಕೂ ಮಿಕ್ಕಿ ಆ ಒಂದು ಮಾತಿಗೆ ಕಾದಿದ್ದ ಮನುಷ್ಯ, ಈಗ ಕುರ್ಚಿ ಎಲ್ಲಿದೆಯೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ.

ನಾನು ಪುಸ್ತಕ ಮುಗಿಸಿಲ್ಲ ಎಂದು ಸುಳ್ಳು ಹೇಳಿ ಅಡುಗೆಮನೆಗೆ ಹೋದೆ. ನಲ್ಲಿ ಪೂರ್ತಿ ತಿರುಗಿಸಿ, ಬಂಗಾರದ ಅಂಚಿನ ಕಪ್ಪುಗಳನ್ನು ಒಂದೊಂದಾಗಿ ತೊಳೆಯುತ್ತ, ಮೂರು ತಿಂಗಳಿಂದ ಕಟ್ಟಿಕೊಂಡಿದ್ದ ಅಳುವನ್ನೆಲ್ಲ ಅತ್ತು ಮುಗಿಸಿದೆ. ಇಷ್ಟು ಸುಖವಾಗಿ ನಾನು ಯಾವತ್ತೂ ಪಾತ್ರೆ ತೊಳೆದಿರಲಿಲ್ಲ.

ಮನೆಗೆ ಅವನ ಟ್ರಕ್ಕಿನಲ್ಲೇ ಹೊರಟೆ. ಸೀಡಿ ಹಾಕುವ ಕಿಂಡಿಯ ಪಕ್ಕ ಒಂದು ಗುಂಡಿ ಹಸಿರಾಗಿ ಬೆಳಗುತ್ತಿತ್ತು, ಅದರ ಮೇಲೆ ಒಂದನ್ನೊಂದು ದಾಟುವ ಎರಡು ಬಾಣ.

"ಇದೇನು?"

"ಅದಾ? ಕ್ರಿಸ್‌ಮಸ್ಸಲ್ಲಿ ಪೋಲ್ಕಾ ಕುಣಿತದ ಹಾಡಿಗೆ ಅಂತ ಒತ್ತಿದ್ದೆ. ಅದೇ ಹಾಡು ಅದೇ ಸಾಲಲ್ಲಿ ಬಂದು ಬೇಜಾರಾಗ್ತಿತ್ತು. ಒತ್ತಿದ್ರೆ ಕಲಸಿ ಹಾಕುತ್ತೆ."

"ಸೋಮವಾರ ಫಾರ್ಗೋಗೆ ಹೋಗೋದು ಬೇಡ ಬಿಡು. ನಿನ್ನ ಕಿವಿ ಚೆನ್ನಾಗೇ ಇದೆ," ಎಂದೆ.

"ಅದನ್ನೇ ನಾನೂ ಅಂದ್ಕೊಂಡೆ." ಅವನು ಹಿಮದ ರಸ್ತೆಯಲ್ಲಿ ಹುಷಾರಾಗಿ ತಿರುವು ತೆಗೆದುಕೊಂಡ.

ನಾನು ಆ ಗುಂಡಿಯ ಕಡೆ ಕೈ ಚಾಚಿದೆ. ಒತ್ತಿ ಆರಿಸಿ, ಎಲ್ಲ ಹೇಳಿ, ಇಬ್ಬರೂ ಬಿದ್ದು ಬಿದ್ದು ನಗಬೇಕೆಂದಿದ್ದೆ.

"ಒಂದೇ ಬೇಜಾರು," ಎಂದ ವರ್ಲಿನ್. "ಕೊನೇ ಭಾಗದ ಬಗ್ಗೆ ಯಾರೂ ಕೇಳಲೇ ಇಲ್ಲ. ನಾನು ಅದಕ್ಕೇ ಕಾಯ್ತಿದ್ದೆ."

ಆ ಪುಸ್ತಕದ ಕೊನೆಯ ಪುಟ ನನಗೆ ಬಾಯಿಪಾಠವಾಗಿತ್ತು. ಹೆಂಡತಿ ಹೋಟೆಲು ಮಾರಿ, ಒಂದೇ ಒಂದು ಪೆಟ್ಟಿಗೆ ಹಿಡಿದು, ಒಬ್ಬಳೇ ಬಸ್ಸು ಹತ್ತುತ್ತಾಳೆ. ಪಕ್ಕದ ಸೀಟಿನ ಮೇಲೆ ಅವನ ಟೋಪಿ ಇಟ್ಟುಕೊಳ್ಳುತ್ತಾಳೆ. ಈ ಚಳಿಗಾಲ ಆ ಪುಟವನ್ನು ನಾನು ಓದಬಾರದಿತ್ತು.

"ಏನಾಗುತ್ತೆ ಕೊನೇಲಿ?" ಎಂದೆ.

"ಬೆಳಿಗ್ಗೆ ಬೆಳಿಗ್ಗೆ ಇಬ್ಬರೂ ದೋಣೀಲಿ ಮೀನಿಗೆ ಹೋಗ್ತಾರಲ್ಲೇ. ಕಾಫಿ ಫ್ಲಾಸ್ಕ್ ಮರ್ತು ಬಂದೆ ಅಂತ ಅವನು ಅವಳನ್ನ ಬೈತಾನೆ. ನೋಡಿದ್ರೆ ಫ್ಲಾಸ್ಕ್ ಅವನ ಕಾಲ ಕೆಳಗೇ ಇರುತ್ತೆ. ಇಬ್ಬರೂ ನಗ್ತಾರೆ, ದೋಣಿ ಅಲ್ಲಾಡುತ್ತೆ. ಅಷ್ಟೇ, ಮುಗೀತು. ಸೀಡಿ ನಿಂತುಹೋಯ್ತು. ಅದಾದ ಮೇಲೆ ಅವರಿಗೆ ಏನೂ ಆಗಲ್ಲ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

"ಅಳ್ತಿದೀಯಾ? ಸುಖವಾಗೇ ಮುಗಿಯುತ್ತಲ್ಲೇ," ಎಂದ.

"ಹೌದು ಕಣೋ," ಎಂದೆ. "ಹಾಗೇ ಮುಗಿಯೋದು."