ಖಾಲಿ ಹೊರಸು ಹೂಂ ಅಂದಿತು

ರಂಗಂಪೇಟೆಯ ಮನೆಗಳಲ್ಲಿ ಕಥೆ ಹೇಳುವುದಕ್ಕೆ ಒಂದು ಕಟ್ಟಳೆಯಿದೆ. ಹೇಳುವವರು ಉಸಿರು ತಿರುಗಿಸಿಕೊಂಡಲ್ಲೆಲ್ಲ ಕೇಳುವವರು ‘ಹೂಂ’ ಅನ್ನಬೇಕು. ಹೂಂ ಅನ್ನುವ ಜೀವ ಎದುರಿಗಿಲ್ಲದೆ ಕಥೆಗೆ ಬಾಯಿ ತೆರೆಯಬಾರದು. ತೆರೆದರೆ ಆ ಹೂಂ ಬೇರೆ ಕಡೆಯಿಂದ ಬರುತ್ತದೆ. ಸುಮಂಗಲಾ ಇದನ್ನು ಕೂಸಾಗಿದ್ದಾಗಿನಿಂದ ಕೇಳಿಕೊಂಡೇ ಬೆಳೆದವಳು. ಆದರೆ ಕಟ್ಟಳೆ ಇರುವುದು ರಾಜ ರಾಣಿಯರ ಕಥೆಗಳಿಗೆ, ಮೊಬೈಲಿನಲ್ಲಿ ಬರುವ ಸೀರಿಯಲ್ಲಿಗಲ್ಲ ಎಂದು ಅವಳು ತಿಳಿದಿದ್ದಳು.

ಅದು ಕಾಲೇಜಿನ ಹುಡುಗ ಹುಡುಗಿಯ ಪ್ರೀತಿಯ ಸೀರಿಯಲ್. ಹುಡುಗಿ ಇಶಾನಿ, ಹುಡುಗ ತನ್ಮಯ. ಸುಮಂಗಲಾ ‘ಆಯಿ’ ಎಂದು ಕರೆಯುತ್ತಿದ್ದ ಅಜ್ಜಿ ಭೀಮಾಬಾಯಿಯ ಕಣ್ಣು ಹೋಗಿದ್ದವು; ಆದ್ದರಿಂದ ಮೊಮ್ಮಗಳು ಪ್ರತಿ ಕಂತನ್ನೂ ನೋಡಿ, ಅಜ್ಜಿ ಮಲಗುವ ಹೊರಸಿನ ಪಕ್ಕದಲ್ಲಿ ಶೇಂಗಾ ಸುಲಿಯುತ್ತ ಅವಳಿಗೆ ಹೇಳುತ್ತಿದ್ದಳು. ಭೀಮಾಬಾಯಿ ಏನು ಹೇಳಿದರೂ ಹೂಂ ಅನ್ನುವವಳಲ್ಲ. ಒಮ್ಮೆ ಸುಮಂಗಲಾ ಅರ್ಧ ಕಂತಿಗೇ ನಿದ್ದೆಹೋಗಿ, ಉಳಿದದ್ದನ್ನು ತಾನೇ ಹೊಸೆದು ಹೇಳಿದಾಗ ಮುದುಕಿ ತುಟಿ ಬಿಚ್ಚಲಿಲ್ಲ.

“ಯಾಕ ಆಯಿ, ಹೂಂ ಅನವಲ್ಲಿ?”

“ಇದು ನಿಂದು. ಖರೇದ್ದು ಹೇಳು, ಹೂಂ ಅಂತೀನಿ.”

ಬಸ್ ನಿಲ್ದಾಣದಲ್ಲಿ ಇಶಾನಿ ಕಾಯುತ್ತಾಳೆ, ತಿರುವಿನಲ್ಲಿ ಒಂದು ಬೈಕು ಕಾಣುತ್ತದೆ, ಬಂದವನ ಮುಖ ಕಾಣುವ ಮುನ್ನವೇ ಆ ಸೀಸನ್ ಮುಗಿಯಿತು. ಓಣಿಯ ಮಕ್ತುಂಬಿ ಬಂದಾಗಲೆಲ್ಲ, “ಏನಬೇ ಮುದುಕಿ, ನಿನ್ನ ಅಳಿಯ ಬೈಕ್ ಇಳದನೋ ಇಲ್ಲೋ?” ಎಂದು ಕಾಡುತ್ತಿದ್ದಳು. “ಪೆಟ್ರೋಲ್ ತೀರಿರಬೇಕು, ಬರ್ತಾನ,” ಎಂದು ಭೀಮಾಬಾಯಿ ನಗುತ್ತಿದ್ದಳು. ಹೊಸ ಸೀಸನ್ ಬರುವ ಮೊದಲೇ ಅವಳು ತೀರಿಕೊಂಡಳು.

ಆ ಸೀಸನ್ ಬಂದದ್ದು ಬೇಸಿಗೆಯಲ್ಲಿ. ತಾಯಿ ಮೋನಮ್ಮ ಅಂಗನವಾಡಿಯ ಕೆಲಸಕ್ಕೆ ಹೋಗಿದ್ದಳು. ಮಧ್ಯಾಹ್ನದ ಬಿಸಿಲಿಗೆ ಓಣಿಯಲ್ಲಿ ನಾಯಿಯೂ ಸುಳಿಯುತ್ತಿರಲಿಲ್ಲ. ಸುಮಂಗಲಾ ಮೊದಲ ಕಂತು ನೋಡಿ ಮುಗಿಸಿದಳು. ಬೈಕಿನಿಂದ ಇಳಿದವನು ತನ್ಮಯನೇ. ಇದನ್ನು ತಿಳಿಯದೆಯೇ ಆಯಿ ಹೋಗಿಬಿಟ್ಟಳಲ್ಲ! ಖಾಲಿ ಹೊರಸಿಗೆ ಮುಖ ಮಾಡಿ, “ಬಂದಾನಾಯಿ, ತನ್ಮಯನ ಬಂದಾನ,” ಎಂದಳು.

“ಹೂಂ.”

ಅವಳಿಗೆ ಹೆದರಿಕೆಯಾಗಲಿಲ್ಲ. ಶೇಂಗಾದ ಬುಟ್ಟಿಯ ಮೇಲೆ ಬಾಗಿ ಮನಸಾರೆ ಅತ್ತಳು. ಅಂದಿನಿಂದ ಮನೆ ಬರಿದಾದ ಮಧ್ಯಾಹ್ನಗಳಲ್ಲಿ ಒಂದೊಂದೇ ಕಂತನ್ನು ಹೊರಸಿಗೆ ಒಪ್ಪಿಸಿದಳು. ಕೊನೆಯ ಕಂತಿನ ದಿನ, ತನ್ಮಯ ಮಲಗಿದ್ದ ಆಸ್ಪತ್ರೆಯ ಕೋಣೆಯ ಬಾಗಿಲು ತೆರೆದು ಇಶಾನಿ ಒಳಗಿಣುಕುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು. ಸುಮಂಗಲಾ ಅಲ್ಲಿಯ ತನಕ ಹೊರಸಿಗೆ ಹೇಳಿ, ಹಳೆಯ ತುಂಟತನದಿಂದ ಮುಂದಿನದನ್ನು ತಾನೇ ಕಟ್ಟಿದಳು: “ಒಳಗ ತನ್ಮಯ ಎದ್ದು ಕುಂತಿದ್ದ.” ಆಯಿ ಈಗ ಸುಮ್ಮನಾಗುತ್ತಾಳೆ, ಬೈಯುತ್ತಾಳೆ ಎಂದು ನಗುತ್ತ ಕಾದಳು.

“ಹೂಂ.”

ಅವಳು ಶೇಂಗಾದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. “ಇಲ್ಲ, ಸತ್ತಿದ್ದ,” ಎಂದಳು.

“ಹೂಂ.”

“ತನ್ಮಯ ಅನ್ನಾಂವ ಹುಟ್ಟೇ ಇರಲಿಲ್ಲ.”

“ಹೂಂ,” ಎಂದಿತು ಹೊರಸು, ಮೊದಲಿಗಿಂತ ಬೇಗ, ಹಸಿದವರ ಹಾಗೆ.

ಕಥೆ ಅಲ್ಲಿಗೇ ನಿಂತಿತು. ಅರ್ಧಕ್ಕೆ ಬಿಟ್ಟ ಕಥೆ ಹೇಳಿದವಳ ಬೆನ್ನು ಬಿಡುವುದಿಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ, ಕೂದಲಿಗೆ ಎಣ್ಣೆ ಹಚ್ಚಿಕೊಳ್ಳುವಾಗ, ಎಲ್ಲಿ ನಿಶ್ಶಬ್ದ ಕವಿಯುತ್ತದೋ ಅಲ್ಲಿ ಕಿವಿಯ ಬಳಿ ಒಂದು ದನಿ ಕೇಳುತ್ತಿತ್ತು: “ಮುಂದ?” ಆ ವಾರವೇ ಯಾದಗಿರಿಯ ನರ್ಸಿಂಗ್ ಕಾಲೇಜಿಗೆ ಸೇರಬೇಕಿತ್ತು. ಸುಮಂಗಲಾ ಬಟ್ಟೆಯ ಚೀಲ ಹಿಡಿದು ಬಸ್ಸು ಹತ್ತಿದಳು. ಶಹಾಪುರದ ಗುಡ್ಡ ಮಲಗಿದ ಮನುಷ್ಯನ ಹಾಗೆ ಕಿಟಕಿಯಲ್ಲಿ ಕಂಡಾಗ, ಪಕ್ಕದ ಖಾಲಿ ಸೀಟು “ಮುಂದ?” ಎಂದಿತು. ಶಹಾಪುರದಲ್ಲಿಯೇ ಇಳಿದು ಅವಳು ಮನೆಗೆ ಮರಳಿದಳು.

ಮೋನಮ್ಮ ಎಲ್ಲವನ್ನೂ ಕೇಳಿ ತಲೆಗೆ ಕೈ ಹಚ್ಚಿದಳು. “ಖಾಲಿ ಮನಿಗಿ ಕಥಿ ಹೇಳ್ತಾರೇನ, ಹುಚ್ಚಿ?”

“ಆಯಿ ಅಂತ ತಿಳದ್ನವ್ವಾ.”

“ಆಯಿ ಸುಳ್ಳಿಗಿ ಹೂಂ ಅಂದಾಕೇನ? ಬಾ, ಕುಂದ್ರು. ಮೊದಲಿಂದ ನನಗ ಹೇಳು. ಜೀವ ಇದ್ದಾಕಿ ಹೂಂ ಅಂದ್ರ ಅದು ಹೇಳಾಕಿನ್ನ ಬಿಡ್ತದ.”

“ಬಿಟ್ಟು ಎಲ್ಲಿ ಹೋಗ್ತದ?”

ಮೋನಮ್ಮ ಹೊರಸಿನ ಧೂಳು ಕೊಡವಿದಳು. “ಕೇಳಾಕಿ ಕಡಿ ಹೊಳ್ಳತದ, ಆಕಿ ಬೆನ್ನ ಹತ್ತತದ ಅಂತಾರ. ಹೊಳ್ಳಲಿ. ಅಂಗನವಾಡಿ ಹುಡುಗ್ರ ಗದ್ದಲದಾಗ ನನ್ನ ಮಾತ ನನಗ ಕೇಳ್ಸಲ್ಲ, ಅದರದೇನ ಕೇಳ್ತದ! ನೀ ಕಾಲೇಜಿಗಿ ಹೋಗ್ಬೇಕು. ಹೇಳು.”

ಅವಳು ಅತ್ತೆಯ ಹೊರಸಿನ ಮೇಲೆ ಕಾಲು ಮಡಚಿ ಕುಳಿತಳು. ಸುಮಂಗಲಾ ಹೇಳತೊಡಗಿದಳು. ಮೊದಮೊದಲು ಎರಡು ಹೂಂ ಕೇಳಿದವು, ಒಂದರ ಬಾಲಕ್ಕೆ ಇನ್ನೊಂದು. ಮೋನಮ್ಮ ಕಣ್ಣು ಮುಚ್ಚಿ, ದನಿ ಏರಿಸಿ, ಅದಕ್ಕಿಂತ ಮೊದಲೇ ಹೂಂ ಅನ್ನುತ್ತ ಹೋದಳು. ಬಾಗಿಲಿಗೆ ಸಂಜೆಯ ಬೆಳಕು ಬರುವಷ್ಟರಲ್ಲಿ ಒಂದೇ ಹೂಂ ಉಳಿದಿತ್ತು.

“ಆಮ್ಯಾಲ ನೆಟ್‌ವರ್ಕ್ ಬಂದಾಗ ನೋಡ್ದೆ, ಸೀಸನ್ ಆ ಬಾಗಲದಾಗ ನಿಂತದವ್ವಾ. ಮುಂದಿಂದು ಯಾರಿಗೂ ಗೊತ್ತಿಲ್ಲ.”

“ಸುಳ್ಳಾದ್ರೂ ಆಗ್ಲಿ, ಮುಗಸು.”

ಸುಮಂಗಲಾ ಅವರಿಬ್ಬರ ಮದುವೆ ಮಾಡಿಸಿದಳು. “ಅವರ ಬಾಳೇವು ಅವರಿಗಿ, ನಮ್ಮ ಬಾಳೇವು ನಮಗ. ಎದ್ದು ಹೋಗ್ರಿ,” ಎಂದು ಕಥೆ ಮುಗಿಸುವ ಮಾತು ಆಡಿ ಮೋನಮ್ಮ ಸೆರಗು ಝಾಡಿಸಿದಳು. ಮರುದಿನ ಯಾದಗಿರಿಯ ತನಕ ಸುಮಂಗಲಾಳ ಪಕ್ಕದ ಸೀಟು ಸುಮ್ಮನಿತ್ತು.

ಸಗರ ಊರಿನ ಹೆಂಗಸರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ರಂಗಂಪೇಟೆಯವರು ನಿಲ್ಲಿಸುವುದಿಲ್ಲ.

ಹಾಸ್ಟೆಲ್ ಸೇರಿ ಕೆಲವು ದಿನಗಳಾದ ಮೇಲೆ, ಒಂದು ಸಂಜೆ ಸುಮಂಗಲಾ ಮೆಟ್ಟಿಲ ಮೇಲೆ ಕುಳಿತು ತಾಯಿಗೆ ಫೋನು ಮಾಡಿದಳು. ಎಲುಬುಗಳ ಹೆಸರು ಬಾಯಿಪಾಠ ಮಾಡಿಸುವ ಮೇಡಂ, ನೀರಿನಂತಹ ಸಾರು, ಕೋಣೆಯ ಗೆಳತಿಯ ಗೊರಕೆ, ಎಲ್ಲವನ್ನೂ ವರ್ಣಿಸಿದಳು. ಅತ್ತ ಕಡೆಯಿಂದ ಹೂಂ, ಹೂಂ ಎಂದು ಬರುತ್ತಲೇ ಇತ್ತು. ಆಗ ಅದೇ ಫೋನಿನಲ್ಲಿ, ಬಹಳ ದೂರದಿಂದ, ಅಂಗಳದಾಚೆಯಿಂದ, ಮೋನಮ್ಮನ ದನಿ ಕೇಳಿಸಿತು: “ತಡಿ ಮಕ್ತುಂಬಿ, ಸುಮ್ಮಿ ಫೋನ್ ಬಂದದ, ಹೊರಸಿನ ಮ್ಯಾಲ ಇಟ್ಟು ಬಂದೀನಿ. ಇದೊಂದು ಕೊಡ ತುಂಬಿಸಿ ಹೋಗ್ತೀನಿ.”

ಸುಮಂಗಲಾ ಗೊರಕೆಯ ಮಾತನ್ನು ಅರ್ಧಕ್ಕೇ ಬಿಟ್ಟಳು.

“ಮುಂದ?” ಎಂದಿತು ಫೋನು, ಕಿವಿಯ ಪಕ್ಕದಲ್ಲಿಯೇ.

ಕೆಂಪು ಗುಂಡಿಯ ಮೇಲೆ ಬೆರಳಿಟ್ಟ ಸುಮಂಗಲಾ ಅದನ್ನು ಒತ್ತಲಿಲ್ಲ. ಇಲ್ಲಿ ಕಥೆ ನಿಂತರೆ, ಅಲ್ಲಿ ಕೊಡ ಹೊತ್ತು ಒಳಬರುವ ತಾಯಿಯ ಕಡೆಗೆ ಆ ದನಿ ತಿರುಗುತ್ತದೆ. ಅವಳು ಗೋಡೆಗೆ ಒರಗಿ, ಯಾರೂ ಇನ್ನೂ ಚಿತ್ರಿಸದ ಮೂರನೆಯ ಸೀಸನ್ನನ್ನು ಆರಂಭಿಸಿದಳು: “ಮದಿವಿ ಆದ ಮ್ಯಾಲ ಇಶಾನಿ ಒಂದು ಊರಿಗಿ ಹೋದ್ಲು. ಬಾಳ ದೂರದ ಊರು…” ಒಳಗೆ ಊಟಕ್ಕೆ ತಟ್ಟೆಗಳ ಸದ್ದಾಯಿತು, ಗೆಳತಿ ಬಂದು ಕರೆದು ಹೋದಳು. ಅವಳು ಹೇಳುತ್ತಲೇ ಇದ್ದಳು.